ರಥ ದೊರೆತ ಮೇಲೆ : ಒಂದು ಜಿಜ್ಞಾಸೆ

ಮಹಾನವಮಿಯ ದಿನ ಕನ್ನಡಿಗನು ಎಲ್ಲಿಯೇ ನೆಲೆಸಿರಲಿ, ಅವನ ಮನೆಯ ಮುಂದಿನ ವಾಹನಕ್ಕೆ ಮಂಗಳಸ್ನಾನ ತಪ್ಪದು. ಮೈಯೊರಸಿ, ಅರಿಸಿನ ಕುಂಕುಮವಿಟ್ಟು, ಚೆಂಡುಹೂವಿನ ಮಾಲೆ ತೊಡಿಸಿ, ಎರಡು ಬಾಳೆಕಂದುಗಳನ್ನು ಕಟ್ಟಿ, ಚಕ್ರದಡಿಯಲ್ಲಿ ನಿಂಬೆಹಣ್ಣಿರಿಸಿ, ಬೂದುಗುಂಬಳಕಾಯಿಯನ್ನು ನಿವಾಳಿಸಿ ಒಡೆದ ಮೇಲೆಯೇ ಅದು ಒಂದು ಸುತ್ತು ಹೊರಡುವುದು. ಮೈಸೂರಿನ ಅರಮನೆಯಲ್ಲಿ ಪಟ್ಟದ ಕತ್ತಿಗೂ ಪಟ್ಟದ ಆನೆ ಕುದುರೆಗಳಿಗೂ ಸಲ್ಲುವ ಮರ್ಯಾದೆಯೇ ಮುಂಬಯಿಯ ಆಟೋರಿಕ್ಷಾಕ್ಕೂ ಪುಣೆಯ ಕಾರ್ಖಾನೆಯ ಯಂತ್ರಕ್ಕೂ ಸಲ್ಲುತ್ತದೆ. ಬಡಗಿಯ ಉಳಿ, ದರ್ಜಿಯ ಹೊಲಿಗೆ ಯಂತ್ರ, ಹೋಟೆಲಿನ ರುಬ್ಬುವ ಕಲ್ಲು ಇವೆಲ್ಲ ಅಂದು ಒಂದೇ ಪಂಕ್ತಿಯಲ್ಲಿ ಕುಳಿತು ಆರತಿಯನ್ನು ಸ್ವೀಕರಿಸುತ್ತವೆ. ಇವುಗಳಲ್ಲಿ ಬೆಲೆಯ ತಾರತಮ್ಯವನ್ನು ಪುರೋಹಿತರೂ ಕೇಳುವುದಿಲ್ಲ, ಕುಂಬಳಕಾಯಿಯೂ ಕೇಳುವುದಿಲ್ಲ.

ಇಂತಹ ಒಂದು ಪೂಜೆಯ ಬೆಳಗ್ಗೆ, ಬಹುಕಾಲ ಬಯಸಿ ಪಡೆದ ವಾಹನದ ಮುಂದೆ ಕೈಮುಗಿದು ನಿಂತವನ ಮನಸ್ಸು ಬರಿದಾಗಿದ್ದರೆ ಅದಕ್ಕೆ ಏನು ಹೇಳಬೇಕು? ದೊರೆಯದ ವಸ್ತುವಿಗಾಗಿ ಅಳುವವನನ್ನು ಸಂತೈಸಲು ನಮ್ಮಲ್ಲಿ ನೂರು ಮಾತುಗಳಿವೆ. ದೊರೆತ ವಸ್ತುವಿನ ಮುಂದೆ ಮಂಕಾದವನಿಗೆ ಹೇಳುವ ಮಾತು ಸುಲಭವಾಗಿ ನಾಲಗೆಗೆ ಬರುವುದಿಲ್ಲ. ಅವನೂ ತನ್ನ ದುಃಖವನ್ನು ಯಾರಲ್ಲಿಯೂ ಹೇಳಿಕೊಳ್ಳಲಾರ; ಹೇಳಿದರೆ ಕೇಳಿದವರು ನಕ್ಕಾರು, ಇಲ್ಲವೆ ಸೊಕ್ಕೆಂದಾರು. ಆದುದರಿಂದ ಈ ವಿಷಯವನ್ನು ಸ್ವಲ್ಪ ನಿಧಾನವಾಗಿ ವಿಚಾರಿಸುವುದು ಉಚಿತ.

ವಿಚಾರಕ್ಕೆ ಅನುಕೂಲವಾಗಲೆಂದು ಒಬ್ಬ ಗೃಹಸ್ಥನನ್ನು ಕಲ್ಪಿಸಿಕೊಳ್ಳೋಣ. ಉಡುಪಿಯ ಕಡೆಯ ಹಳ್ಳಿಯಿಂದ ಹದಿನೈದರ ವಯಸ್ಸಿನಲ್ಲಿ ಮುಂಬಯಿಗೆ ಬಂದವನು. ಹಗಲು ಹೋಟೆಲಿನಲ್ಲಿ ಮಾಣಿಯ ಕೆಲಸ, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಪಾಠ. ಈ ಜೀವನಕ್ರಮ ಮುಂಬಯಿಯ ಕನ್ನಡಿಗರ ಒಂದು ಇಡೀ ಪೀಳಿಗೆಗೆ ಪರಿಚಿತವಾದುದೇ. ಫ್ಲೋರಾ ಫೌಂಟನ್ನಿನ ಪಾದಪಥದ ಹಳೆಯ ಪುಸ್ತಕಗಳ ರಾಶಿಯಲ್ಲಿ ಒಂದು ದಿನ ಅವನಿಗೆ ವಿದೇಶದ ಪತ್ರಿಕೆಯೊಂದು ಸಿಕ್ಕಿತು. ಅದರ ನಡುಪುಟದಲ್ಲಿ ಇಟಲಿಯ ಕೆಂಪು ಬಣ್ಣದ ಸ್ಪೋರ್ಟ್ಸ್ ಕಾರು. ನೆಲಕ್ಕೆ ಅಂಟಿಕೊಂಡಂತೆ, ಹಾರಲು ಹವಣಿಸುವ ಹಕ್ಕಿಯಂತೆ ನಿಂತಿತ್ತು. ಹುಡುಗನು ಆ ಪುಟವನ್ನು ಕತ್ತರಿಸಿ ತನ್ನ ಟ್ರಂಕಿನ ಮುಚ್ಚಳದ ಒಳಗೆ ಅಂಟಿಸಿದನು. ಹೋಟೆಲಿನ ಅಟ್ಟದ ಮೇಲೆ ಹನ್ನೆರಡು ಮಂದಿ ಒತ್ತಿನಲ್ಲಿ ಮಲಗುತ್ತಿದ್ದ ಆ ರಾತ್ರಿಗಳಲ್ಲಿ ಟ್ರಂಕು ತೆರೆದಾಗಲೆಲ್ಲ ಅದರ ದರ್ಶನ.

ಅನಂತರದ ನಲವತ್ತು ವರ್ಷಗಳ ಕಥೆಯನ್ನು ವಿಸ್ತರಿಸಬೇಕಾಗಿಲ್ಲ. ಗಲ್ಲೆ ಸಿಕ್ಕಿತು, ಪಾಲುಗಾರಿಕೆ ಸಿಕ್ಕಿತು, ಸ್ವಂತದ ಹೋಟೆಲಾಯಿತು, ಒಂದು ಮೂರಾಯಿತು. ಮಕ್ಕಳ ವಿದ್ಯೆ, ಮಗಳ ಮದುವೆ, ಊರಿನ ಮನೆಯ ಜೀರ್ಣೋದ್ಧಾರ ಎಲ್ಲ ಮುಗಿದ ಮೇಲೆ ಒಂದು ದಿನ ಆ ಕಾರೂ ಬಂತು. ಟ್ರಂಕಿನ ಚಿತ್ರದ ಕಾರೇ ಅಲ್ಲವಾದರೂ ಅದೇ ಕುಲದ್ದು, ಅದೇ ಬಣ್ಣದ್ದು.

ಮೊದಲನೆಯ ತಿಂಗಳು ಸಂಭ್ರಮ. ಬಂಧುಗಳು ಬಂದರು, ಛಾಯಾಚಿತ್ರಗಳಾದವು. ಎರಡನೆಯ ತಿಂಗಳಿನಲ್ಲಿ ವ್ಯವಹಾರಜ್ಞಾನ ತಲೆಯೆತ್ತಿತು. ಬೀದಿಯ ಪ್ರತಿಯೊಂದು ಉಬ್ಬಿನಲ್ಲಿಯೂ ಕಾರಿನ ಹೊಟ್ಟೆ ಉಜ್ಜುತ್ತದೆ. ಗಂಟೆಗೆ ಮುನ್ನೂರು ಕಿಲೋಮೀಟರು ಓಡಬಲ್ಲ ಯಂತ್ರಕ್ಕೆ, 2009ರಲ್ಲಿ ತೆರೆದ ಬಾಂದ್ರಾ-ವರಳಿ ಸಮುದ್ರ ಸೇತುವೆಯ ಮೇಲೆ ಕೂಡ ಎಂಬತ್ತೇ ಮಿತಿ. ಆ ಸೇತುವೆಯಾದರೋ ಐದೂವರೆ ಕಿಲೋಮೀಟರಿಗೆ ಮುಗಿದುಹೋಗುತ್ತದೆ. ಕಾರಿನಲ್ಲಿ ಇಬ್ಬರಿಗೆ ಮಾತ್ರ ಸ್ಥಳ. ಆದುದರಿಂದ ದೇವಸ್ಥಾನಕ್ಕೆ ಹೊರಟಾಗ ಯಜಮಾನನು ಮುಂದೆ, ಸಂಸಾರವೆಲ್ಲ ಹಿಂದಿನ ಟ್ಯಾಕ್ಸಿಯಲ್ಲಿ. ಮಂಡಿನೋವಿನ ವೃದ್ಧ ತಾಯಿ ಒಮ್ಮೆ ಪ್ರಯತ್ನಿಸಿ, "ಮಗಾ, ಇದರಲ್ಲಿ ಕೂತರೆ ನನಗೆ ಏಳಲಿಕ್ಕೆ ಬರುವುದಿಲ್ಲ, ನೀನು ಹೋಗಿ ಬಾ" ಎಂದು ಬಾಗಿಲಿನಲ್ಲಿಯೇ ನಿಂತಳು.

ಇಷ್ಟಾದರೂ ಅವನ ಮಂಕಿಗೆ ಕಾರಣ ಇವಾವುವೂ ಅಲ್ಲ. ಇವುಗಳೆಲ್ಲ ಅವನಿಗೆ ಮೊದಲೇ ಗೊತ್ತಿದ್ದವು. ಕಾರಿನಲ್ಲಿ ಯಾವ ದೋಷವೂ ಇಲ್ಲ. ಚಿತ್ರದಲ್ಲಿ ಕಂಡುದಕ್ಕಿಂತ ಅದು ಸುಂದರವಾಗಿಯೇ ಇದೆ. ಆದರೆ ಚಾಲಕನ ಆಸನದಲ್ಲಿ ಕುಳಿತಾಗ ಏನೋ ಆಗಬೇಕಾಗಿತ್ತು, ಅದು ಆಗಲಿಲ್ಲ. ಕುಳಿತವನು ನಿನ್ನೆಯ ಮನುಷ್ಯನೇ. ಈ ಸ್ಥಿತಿಗೆ ಕನ್ನಡದಲ್ಲಿ ಒಂದು ಅಡಿಗೆಮನೆಯ ಮಾತು ಚೆನ್ನಾಗಿ ಒಪ್ಪುತ್ತದೆ: ಸಪ್ಪೆ. ಸಪ್ಪೆ ಸಾರು ಹಳಸಿದ ಸಾರಲ್ಲ, ಸೀದ ಸಾರೂ ಅಲ್ಲ. ಬೇಳೆ, ಹುಳಿ, ಒಗ್ಗರಣೆ ಎಲ್ಲವೂ ಸರಿಯಾಗಿದ್ದು ನಾಲಗೆ ಮಾತ್ರ ಸುಮ್ಮನಿರುತ್ತದೆ.

ಅದೇ ವರ್ಷದ ಆಯುಧಪೂಜೆಯ ದಿನ ಒಂದು ವಿಶೇಷ ಸಂಗತಿ ಅವನ ಅನುಭವಕ್ಕೆ ಬಂತೆಂದು ಭಾವಿಸೋಣ. ಕಾರಿನ ಪೂಜೆ ಮುಗಿಸಿ ಹೋಟೆಲಿನ ಅಡಿಗೆಮನೆಗೆ ಹೋದನು. ಅಲ್ಲಿ ಭಟ್ಟರೂ ಹುಡುಗರೂ ರುಬ್ಬುವ ಯಂತ್ರಕ್ಕೆ ಹೂವಿಟ್ಟು ಕಾಯುತ್ತಿದ್ದರು. ಆರತಿ ಬೆಳಗುವಾಗ ಅವನ ಕಣ್ಣು ತುಂಬಿತು. ಏಕೆಂದು ಅವನಿಗೇ ತಿಳಿಯಲಿಲ್ಲ. ಲಕ್ಷಾಂತರ ರೂಪಾಯಿಯ ರಥದ ಮುಂದೆ ಬರಡಾಗಿದ್ದ ಹೃದಯ ಹಿಟ್ಟು ಮೆತ್ತಿದ ಕಲ್ಲಿನ ಮುಂದೆ ಏಕೆ ಒದ್ದೆಯಾಯಿತು? ಈ ಪ್ರಶ್ನೆಯನ್ನು ಹಾಗೆಯೇ ಇಟ್ಟುಕೊಂಡು ಮುಂದೆ ಹೋಗೋಣ.

ಇಂತಹ ಕಾರುಗಳು ಹುಟ್ಟಿದ ನೆಲದಲ್ಲಿಯೇ ನಡೆದ ಒಂದು ವೃತ್ತಾಂತ ಇಲ್ಲಿ ಸ್ಮರಣೀಯ. ಇಟಲಿ ದೇಶದ ಚೆಂಟೋ ಪಟ್ಟಣದ ಬಳಿಯ ರೆನಾಟ್ಸೊ ಎಂಬ ಹಳ್ಳಿಯಲ್ಲಿ 1916ರಲ್ಲಿ ಫೆರುಚ್ಚೋ ಲಂಬೋರ್ಗಿನಿ ಎಂಬಾತನು ಹುಟ್ಟಿದನು. ತಂದೆ ತಾಯಿಗಳು ದ್ರಾಕ್ಷಿ ಬೆಳೆಯುವ ರೈತರು. ಬಾಲಕನಿಗೆ ಬೇಸಾಯಕ್ಕಿಂತ ಬೇಸಾಯದ ಯಂತ್ರಗಳಲ್ಲಿ ಆಸಕ್ತಿ. ಎರಡನೆಯ ಮಹಾಯುದ್ಧದಲ್ಲಿ ರೋಡ್ಸ್ ದ್ವೀಪದಲ್ಲಿ ವಾಯುಪಡೆಯ ವಾಹನಗಳನ್ನು ದುರಸ್ತಿ ಮಾಡುತ್ತ, ಬ್ರಿಟಿಷರ ಸೆರೆಯಾಗಿ, 1946ರಲ್ಲಿ ಊರಿಗೆ ಮರಳಿದನು. ಯುದ್ಧ ಮುಗಿದ ಇಟಲಿಯಲ್ಲಿ ರೈತರಿಗೆ ಟ್ರ್ಯಾಕ್ಟರುಗಳು ಬೇಕಾಗಿದ್ದವು; ಸೇನೆ ಬಿಟ್ಟುಹೋದ ವಾಹನಗಳ ಬಿಡಿಭಾಗಗಳು ಗುಡ್ಡೆಯಾಗಿ ಬಿದ್ದಿದ್ದವು. ಈ ಎರಡನ್ನೂ ಜೋಡಿಸಿದವನು ಅವನು. 1948ರಲ್ಲಿ ಟ್ರ್ಯಾಕ್ಟರು ಕಾರ್ಖಾನೆ ಸ್ಥಾಪನೆಯಾಯಿತು. ಹತ್ತು ವರ್ಷಗಳಲ್ಲಿ ಅವನು ಸಿರಿವಂತನಾದನು.

ಸಿರಿ ಬಂದ ಮೇಲೆ, ಆ ಕಾಲದ ಸಿರಿವಂತರೆಲ್ಲ ಬಯಸುತ್ತಿದ್ದ ಫೆರಾರಿ ಕಾರನ್ನು 1958ರಲ್ಲಿ ಕೊಂಡನು. ಆ ಬಳಿಕ ಇನ್ನೂ ಕೆಲವನ್ನು ಕೊಂಡನು. ಅವು ಅವನಿಗೆ ಹಿಡಿಸಲಿಲ್ಲ. ಮುಂದೆ ತಾನೇ ಹೇಳಿಕೊಂಡಂತೆ, ಅವುಗಳ ಸದ್ದೂ ಒರಟುತನವೂ ಅವನಿಗೆ ಬೇಸರ ತರಿಸಿದವು. ಕ್ಲಚ್ಚು ಪದೇಪದೇ ಕೆಡುತ್ತಿತ್ತು. ಬಿಚ್ಚಿ ನೋಡಿದಾಗ ತನ್ನ ಟ್ರ್ಯಾಕ್ಟರಿನ ಕ್ಲಚ್ಚಿಗೂ ಅದಕ್ಕೂ ವ್ಯತ್ಯಾಸ ಕಾಣಲಿಲ್ಲ. ಇದನ್ನು ಎನ್ಜೊ ಫೆರಾರಿಯವರಿಗೆ ಹೇಳಲು ಹೋಗಿ, ಟ್ರ್ಯಾಕ್ಟರಿನವನಿಗೆ ಕಾರಿನ ವಿಷಯವೇನು ಗೊತ್ತೆಂಬ ಅರ್ಥದ ಉತ್ತರ ಪಡೆದನಂತೆ. ಈ ಕಥೆಗೆ ಕಾಲಕ್ರಮದಲ್ಲಿ ಒಂದಿಷ್ಟು ರೆಕ್ಕೆಪುಕ್ಕ ಬಂದಿರುವುದು ಸಹಜ. ಆದರೆ ಅನಂತರ ನಡೆದುದು ಚರಿತ್ರೆ. 1963ರಲ್ಲಿ ಸಾಂತ್ ಆಗತ ಬೊಲೊನ್ಯೇಸೆ ಎಂಬಲ್ಲಿ ಅವನು ತನ್ನದೇ ಕಾರು ಕಾರ್ಖಾನೆಯನ್ನು ಕಟ್ಟಿದನು. ತನ್ನ ಜನ್ಮರಾಶಿ ವೃಷಭವಾದುದರಿಂದ ಗೂಳಿಯನ್ನು ಲಾಂಛನ ಮಾಡಿಕೊಂಡನು. ರಾಶಿ ನಕ್ಷತ್ರಗಳ ಮೋಹ ನಮ್ಮವರಿಗೆ ಮಾತ್ರವಲ್ಲವೆಂಬುದನ್ನು ಇಲ್ಲಿ ಗಮನಿಸಬಹುದು. 1966ರಲ್ಲಿ ಜಿನೀವಾದ ಪ್ರದರ್ಶನದಲ್ಲಿ ಹನ್ನೆರಡು ಸಿಲಿಂಡರಿನ ಎಂಜಿನನ್ನು ಆಸನಗಳ ಹಿಂದೆ ಅಡ್ಡಲಾಗಿ ಕೂರಿಸಿದ ಮಿಯೂರಾ ಕಾರು ಹೊರಬಂದಾಗ ಜಗತ್ತು ಬೆರಗಾಯಿತು.

ಈ ವೃತ್ತಾಂತವನ್ನು ಉತ್ಸಾಹದ ಪಾಠವಾಗಿ ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಮುಂದಿನ ಭಾಗವೂ ಇದೆ. ಟ್ರ್ಯಾಕ್ಟರು ವ್ಯಾಪಾರಕ್ಕೆ ಕಷ್ಟಕಾಲ ಬಂತು. 1972ರಲ್ಲಿ ಕಾರು ಕಂಪನಿಯ ಹೆಚ್ಚಿನ ಪಾಲನ್ನೂ 1974ರಲ್ಲಿ ಉಳಿದುದನ್ನೂ ಮಾರಿ, ಟ್ರ್ಯಾಕ್ಟರು ಕಂಪನಿಯನ್ನೂ ಕೈಬಿಟ್ಟು, ಅವನು ಉಂಬ್ರಿಯ ಪ್ರಾಂತದ ಟ್ರಾಸಿಮೇನೊ ಸರೋವರದ ಬಳಿ ಜಮೀನು ಮಾಡಿಕೊಂಡು ತಂದೆತಾಯಿಗಳಂತೆ ದ್ರಾಕ್ಷಿ ಬೆಳೆದನು. 1993ರಲ್ಲಿ ತೀರಿಕೊಂಡನು. ಆ ತೋಟದ ಮದ್ಯವೊಂದಕ್ಕೆ ಅವನಿಟ್ಟ ಹೆಸರಿನ ಅರ್ಥ 'ಮಿಯೂರಾದ ರಕ್ತ' ಎಂದು. ಆ ಹೆಸರಿನಲ್ಲಿ ತೃಪ್ತಿ ಎಷ್ಟು, ಹಂಬಲ ಎಷ್ಟು ಎಂದು ಅಳೆಯುವ ಅಧಿಕಾರ ಯಾರಿಗೂ ಇಲ್ಲ.

ಪ್ರಕೃತಕ್ಕೆ ಬೇಕಾದ ಅಂಶ ಬೇರೆ. ಲಂಬೋರ್ಗಿನಿಯ ಅಸಮಾಧಾನವು ದೋಷವನ್ನು ಕಂಡ ಅಸಮಾಧಾನ; ಅದಕ್ಕೆ ಕೈಯಲ್ಲಿ ಸ್ಪ್ಯಾನರು ಹಿಡಿಯುವುದೇ ಮದ್ದು. ಕುಶಲಿಯ ಅತೃಪ್ತಿಯಿಂದ ಜಗತ್ತಿಗೆ ಎಷ್ಟೋ ಉಪಕಾರವಾಗಿದೆ. ಆಧ್ಯಾತ್ಮದ ಹೆಸರಿನಲ್ಲಿ ಅದನ್ನು ನಿಂದಿಸುವುದು ನ್ಯಾಯವಲ್ಲ. ನಮ್ಮ ಗೃಹಸ್ಥನ ಸಪ್ಪೆತನಕ್ಕಾದರೋ ಬಿಚ್ಚಿ ನೋಡಲು ಕ್ಲಚ್ಚಿಲ್ಲ. ಮೊದಲನೆಯದು ವಸ್ತುವಿನ ರೋಗ, ಎರಡನೆಯದು ನಿರೀಕ್ಷೆಯ ರೋಗ. ಈ ಎರಡನ್ನೂ ಒಂದೆಂದು ಭ್ರಮಿಸಿದವನು ಸಪ್ಪೆಯಾದಾಗಲೆಲ್ಲ ಇನ್ನೂ ದೊಡ್ಡ ಕಾರನ್ನು ಹುಡುಕುತ್ತಾನೆ.

ಆಧುನಿಕ ಮನಶ್ಶಾಸ್ತ್ರಜ್ಞರೂ ಈ ಪ್ರಶ್ನೆಯನ್ನು ಪರೀಕ್ಷೆಗೆ ಒಡ್ಡಿದ್ದಾರೆ. 1978ರಲ್ಲಿ ಅಮೆರಿಕದ ಫಿಲಿಪ್ ಬ್ರಿಕ್‌ಮನ್ ಮತ್ತು ಸಂಗಡಿಗರು ದೊಡ್ಡ ಲಾಟರಿ ಗೆದ್ದ 22 ಮಂದಿಯನ್ನು ನೆರೆಹೊರೆಯ ಸಾಮಾನ್ಯರೊಡನೆ ಹೋಲಿಸಿ ನೋಡಿದರು. ಗೆದ್ದವರು ಹೇಳಿಕೊಳ್ಳುವಷ್ಟು ಹೆಚ್ಚು ಸುಖಿಗಳಾಗಿರಲಿಲ್ಲ; ಸ್ನೇಹಿತನೊಡನೆ ಮಾತು, ಬೆಳಗಿನ ಉಪಾಹಾರ ಮುಂತಾದ ದಿನನಿತ್ಯದ ಸಣ್ಣ ಸಂತೋಷಗಳು ಅವರಿಗೆ ಇತರರಿಗಿಂತ ಕಡಮೆಯೆನಿಸಿದ್ದವು. ಇದು ಸಣ್ಣ ಸಂಖ್ಯೆಯ ಅಧ್ಯಯನ, ಇದರ ಮೇಲೆ ಹೆಚ್ಚು ಭಾರ ಹೇರಬಾರದು. ಕಾರಿನ ವಿಷಯದಲ್ಲಿಯೇ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ನಾರ್ಬರ್ಟ್ ಶ್ವಾರ್ಜ್ ಮತ್ತು ಸಂಗಡಿಗರು ನಡೆಸಿದ ಪರೀಕ್ಷೆ ಇನ್ನೂ ಸ್ವಾರಸ್ಯಕರ. ಕಾರು ನಡೆಸುವಾಗ ಸಾಮಾನ್ಯವಾಗಿ ಎಷ್ಟು ಸಂತೋಷವಾಗುತ್ತದೆಂದು ಕೇಳಿದಾಗ ಬೆಲೆಬಾಳುವ ಕಾರಿನವರು ಹೆಚ್ಚು ಸಂತೋಷವೆಂದರು. ಈಚೆಗೆ ಕಾರು ನಡೆಸಿದ ಒಂದು ನಿರ್ದಿಷ್ಟ ಸಂದರ್ಭವನ್ನು ನೆನಪಿಸಿಕೊಂಡು ಆಗ ಹೇಗನ್ನಿಸಿತ್ತೆಂದು ಹೇಳಿ ಎಂದಾಗ ಕಾರಿನ ಬೆಲೆಗೂ ಸಂತೋಷಕ್ಕೂ ಸಂಬಂಧವೇ ಕಾಣಲಿಲ್ಲ. ಕಾರನ್ನು ಕುರಿತು ಯೋಚಿಸುವಾಗ ಕಾರು ಸುಖ ಕೊಡುತ್ತದೆ. ನಡೆಸುವಾಗ ಮನಸ್ಸು ಕೆಲಸದ ಚಿಂತೆ, ಎದುರಿನ ಲಾರಿ, ಮನೆಯ ಮಾತು ಇವುಗಳಲ್ಲಿರುತ್ತದೆ. ಟ್ರಂಕಿನೊಳಗಿನ ಚಿತ್ರಕ್ಕೂ ರಸ್ತೆಯ ಮೇಲಿನ ಕಾರಿಗೂ ಇರುವ ಅಂತರ ಇದೇ.

ಈಗ ಶಾಸ್ತ್ರದ ಕಡೆಗೆ ತಿರುಗೋಣ. ಬಯಕೆಯ ಮಾತು ಬಂದೊಡನೆ ಎಲ್ಲರ ನೆನಪಿಗೂ ಬರುವವನು ಯಯಾತಿ. ಶುಕ್ರಾಚಾರ್ಯರ ಶಾಪದಿಂದ ಅಕಾಲದಲ್ಲಿ ಮುಪ್ಪಾಗಿ, ಯದು, ತುರ್ವಸು, ದ್ರುಹ್ಯು, ಅನು ಎಂಬ ನಾಲ್ವರು ಮಕ್ಕಳೂ ನಿರಾಕರಿಸಲು, ಕಿರಿಯನಾದ ಪೂರುವಿನ ಯೌವನವನ್ನು ಪಡೆದು ಸಾವಿರ ವರ್ಷ ಭೋಗಿಸಿದವನು. ಆದರೆ ಯಯಾತಿಯ ದೃಷ್ಟಾಂತ ಇಲ್ಲಿ ಪೂರ್ತಿಯಾಗಿ ಹೊಂದುವುದಿಲ್ಲ. ಅವನಿಗೆ ಭೋಗವು ಸಪ್ಪೆಯೆನಿಸಲಿಲ್ಲ. ರುಚಿಸಿತು, ರುಚಿಸಿದಷ್ಟೂ ಹಸಿವು ಹೆಚ್ಚಿತು. ಯಜ್ಞಕುಂಡದ ಬೆಂಕಿಯನ್ನು ನೆನೆದು ಅವನು ಕಂಡುಕೊಂಡ ಸತ್ಯ ಉರಿಯುವವನ ಸತ್ಯ. ನಮ್ಮ ಗೃಹಸ್ಥನ ಕುಂಡದಲ್ಲಿ ಬೆಂಕಿಯೇ ಹತ್ತಲಿಲ್ಲ.

ಇವನ ಸ್ಥಿತಿಯನ್ನು ನೇರವಾಗಿ ಬಿಡಿಸುವ ಗ್ರಂಥ ಪಂಚದಶಿ. ಶೃಂಗೇರಿಯ ಪೀಠವನ್ನು ಅಲಂಕರಿಸಿದ್ದ, ಹದಿನಾಲ್ಕನೆಯ ಶತಮಾನದ ವಿದ್ಯಾರಣ್ಯರದೆಂದು ಪ್ರಸಿದ್ಧವಾದ ಈ ಗ್ರಂಥದ ಹದಿನೈದು ಪ್ರಕರಣಗಳಲ್ಲಿ ಕೊನೆಯ ಐದು ಆನಂದದ ವಿಚಾರಕ್ಕೇ ಮೀಸಲು. ಅವುಗಳಲ್ಲಿ ಒಂದಕ್ಕೆ 'ವಿಷಯಾನಂದ' ಎಂದೇ ಹೆಸರು. ಪ್ರಾಪಂಚಿಕ ಸುಖವನ್ನು ಹೀಗೆ ಗಂಭೀರವಾಗಿ ಶೋಧಿಸಿದ ವೇದಾಂತಿಗಳನ್ನು ಕೇವಲ ಸುಖದ್ವೇಷಿಗಳೆಂದು ತಿಳಿಯುವುದು ತಪ್ಪು.

ಅಲ್ಲಿಯ ವಿವರಣೆಯ ಸಾರವಿಷ್ಟು. ಮನುಷ್ಯನು ಒಂದು ವಸ್ತುವನ್ನು ಬಯಸುವಾಗ ಮನಸ್ಸು ಕಲಕಿದ ಕೆರೆಯಂತಿರುತ್ತದೆ. ಕಲಕಿದ ನೀರಿನಲ್ಲಿ ಚಂದ್ರಬಿಂಬವಿದ್ದರೂ ಕಾಣುವುದಿಲ್ಲ. ಬಯಸಿದ ವಸ್ತು ಕೈಗೆ ಬಂದ ಕ್ಷಣದಲ್ಲಿ ಆ ಬಯಕೆ ನಿಲ್ಲುತ್ತದೆ. ಬಯಕೆ ನಿಂತೊಡನೆ ಮನಸ್ಸು ತಿಳಿಯಾಗಿ ಒಳಮುಖವಾಗುತ್ತದೆ; ತಿಳಿಯಾದ ಮನಸ್ಸಿನಲ್ಲಿ ಆತ್ಮದ ಸಹಜವಾದ ಆನಂದ ಪ್ರತಿಬಿಂಬಿಸುತ್ತದೆ. ಕ್ಷಣದ ಮೇಲೆ ಇನ್ನೊಂದು ಬಯಕೆ ಎದ್ದು ನೀರು ಮತ್ತೆ ಕಲಕುತ್ತದೆ. ಮನುಷ್ಯನು ಮಾಡುವ ತಪ್ಪು ಒಂದೇ: ತನ್ನೊಳಗೆ ಕಂಡ ಬಿಂಬವನ್ನು ವಸ್ತುವಿನ ಲೆಕ್ಕಕ್ಕೆ ಜಮಾ ಮಾಡುತ್ತಾನೆ.

ಈ ಲೆಕ್ಕದ ಪುಸ್ತಕವನ್ನು ತೆರೆದು ನೋಡಿದರೆ ನಮ್ಮ ಗೃಹಸ್ಥನ ಅನುಭವದ ಎರಡು ಅಂಶಗಳು ತಿಳಿಯಾಗುತ್ತವೆ. ಮೊದಲನೆಯದು, ಕಾರಿನ ಬೀಗದಕೈ ಅಂಗೈಗೆ ಬಿದ್ದ ಘಳಿಗೆಯ ಆನಂದ ಸುಳ್ಳಲ್ಲ. ಅದು ನಿಜವಾದ ಆನಂದವೇ. ಆದರೆ ಕಾರಿನಿಂದ ಬಂದುದಲ್ಲ, ನಲವತ್ತು ವರ್ಷದ ಒಂದು ಎಳೆತ ತಟಕ್ಕನೆ ನಿಂತುದರಿಂದ ಬಂದುದು. ದಿನವಿಡೀ ಹೊತ್ತ ಮೂಟೆಯನ್ನು ಇಳಿಸಿದ ಹಮಾಲನಿಗೆ ಆಗುವ ಹಗುರವನ್ನು ಮೂಟೆಯ ಗುಣವೆನ್ನಲು ಬರುತ್ತದೆಯೆ? ಅನಂತರ ಕಾರು ಉಳಿಯಿತು, ಹಗುರ ಉಳಿಯಲಿಲ್ಲ. ಅವನು ಪ್ರತಿದಿನ ಆಸನದಲ್ಲಿ ಕುಳಿತು ಹುಡುಕುತ್ತಿರುವುದು ಕಾರಿನಲ್ಲಿ ಎಂದೂ ಇಲ್ಲದಿದ್ದ ವಸ್ತುವನ್ನು.

ಎರಡನೆಯದು ರುಬ್ಬುವ ಕಲ್ಲಿನ ಪ್ರಶ್ನೆ. ಆ ಕಲ್ಲಿನಿಂದ ಅವನು ಸುಖವನ್ನು ಎಂದೂ ಕೇಳಿರಲಿಲ್ಲ. ಅದರ ಮುಂದೆ ನಿಂತಾಗ ಪಡೆಯಬೇಕಾದುದೂ ಇರಲಿಲ್ಲ, ತೋರಿಸಿಕೊಳ್ಳಬೇಕಾದುದೂ ಇರಲಿಲ್ಲ. ಮುಂಜಾನೆ ನಾಲ್ಕಕ್ಕೆ ಎದ್ದು ಹಿಟ್ಟು ರುಬ್ಬಿದ ಹುಡುಗನೂ, ಆ ಹುಡುಗನಿಗೆ ಊಟವಿಕ್ಕಿದ ಭಟ್ಟರೂ, ಊರಿಗೆ ಹೋದ ಮನಿಯಾರ್ಡರುಗಳೂ ಆ ಕಲ್ಲಿನಲ್ಲಿದ್ದವು. ಬಯಕೆ ಇಲ್ಲದ ಕಡೆ ಮನಸ್ಸು ತಾನಾಗಿ ತಿಳಿಯಾಯಿತು; ತಿಳಿಯಾದುದರಿಂದ ತುಂಬಿ ಬಂತು. ಆನಂದವನ್ನು ಬೆನ್ನಟ್ಟಿದ ಕಡೆ ಸಪ್ಪೆ, ಬೆನ್ನಟ್ಟದ ಕಡೆ ರಸ. ವಿದ್ಯಾರಣ್ಯರ ವಿವರಣೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಅಡಿಗೆಮನೆಯ ಹೊರಗೆ ಸಿಕ್ಕುವುದು ಕಷ್ಟ.

ಇನ್ನು ಕಠೋಪನಿಷತ್ತು. ರಥದ ವಿಚಾರದಲ್ಲಿ ಈ ಉಪನಿಷತ್ತಿಗೆ ಒಂದು ವೈಶಿಷ್ಟ್ಯವಿದೆ, ಅದನ್ನು ಎಷ್ಟೋ ಮಂದಿ ಗಮನಿಸದೆ ಓದಿಬಿಡುತ್ತಾರೆ. ಯಮನ ಬಾಗಿಲಲ್ಲಿ ಮೂರು ರಾತ್ರಿ ಉಪವಾಸವಿದ್ದ ಬಾಲಕ ನಚಿಕೇತನಿಗೆ ಮೂರು ವರಗಳು. ಮೂರನೆಯದಾಗಿ ಅವನು ಕೇಳಿದುದು ಸತ್ತ ಮೇಲೆ ಮನುಷ್ಯನು ಇರುವನೋ ಇಲ್ಲವೋ ಎಂಬ ಪ್ರಶ್ನೆಗೆ ಉತ್ತರ. ಯಮನು ಅದನ್ನು ತಪ್ಪಿಸಲು ಆಮಿಷಗಳನ್ನು ಒಡ್ಡುತ್ತಾನೆ: ನೂರು ವರ್ಷ ಬಾಳುವ ಮಕ್ಕಳು ಮೊಮ್ಮಕ್ಕಳು, ಹಸು, ಆನೆ, ಕುದುರೆ, ಚಿನ್ನ, ವಿಶಾಲವಾದ ರಾಜ್ಯ, ರಥಗಳೊಡನೆ ವಾದ್ಯಗಳೊಡನೆ ಬರುವ ಅಪ್ಸರೆಯರು. ಬಾಲಕನು ಅವೆಲ್ಲವೂ ನಾಳೆಯವರೆಗಿನ ವಸ್ತುಗಳೆಂದೂ ಇಂದ್ರಿಯಗಳ ತೇಜಸ್ಸನ್ನು ಸವೆಸುವಂಥವೆಂದೂ ಹೇಳಿ, ವಾಹನಗಳನ್ನೂ ನೃತ್ಯಗೀತಗಳನ್ನೂ ಯಮನಿಗೇ ಹಿಂದಿರುಗಿಸುತ್ತಾನೆ.

ಹೀಗೆ ಮೊದಲನೆಯ ವಲ್ಲಿಯಲ್ಲಿ ರಥವು ತಿರಸ್ಕೃತವಾಯಿತು. ಮೂರನೆಯ ವಲ್ಲಿಗೆ ಬಂದರೆ ಅದೇ ಯಮನು ಅದೇ ಬಾಲಕನಿಗೆ ತತ್ತ್ವವನ್ನು ಬೋಧಿಸಲು ಆರಿಸಿಕೊಳ್ಳುವುದು ರಥದ ಉಪಮೆಯನ್ನೇ! ಶರೀರವು ರಥ, ಆತ್ಮನು ರಥಿಕ, ಬುದ್ಧಿಯು ಸಾರಥಿ, ಮನಸ್ಸು ಕಡಿವಾಣ, ಇಂದ್ರಿಯಗಳು ಕುದುರೆಗಳು, ವಿಷಯಗಳು ಅವು ಓಡುವ ದಾರಿ. ಒಲ್ಲೆನೆಂದ ವಸ್ತು ಅರಿವಿನ ಸಾಧನವಾಗಿ ಮರಳಿ ಬಂತು. ಉಪಮೆಯು ಇಲ್ಲಿಗೇ ಮುಗಿಯುವುದಿಲ್ಲ. ರಥವು ಸೇರಬೇಕಾದ ಸ್ಥಾನವನ್ನೂ, ದಾರಿಯ ಕೊನೆಯ ವಿಷ್ಣುಪದವನ್ನೂ ಉಪನಿಷತ್ತು ಹೇಳುತ್ತದೆ. ಕುದುರೆಗಳು ಎಷ್ಟು ವೇಗಶಾಲಿಗಳೆಂಬ ಮಾತೇ ಅಲ್ಲಿಲ್ಲ. ಅವು ಪಳಗಿವೆಯೆ, ಸಾರಥಿಗೆ ಎಚ್ಚರವಿದೆಯೆ, ಹೋಗುವ ಕಡೆ ಗೊತ್ತಿದೆಯೆ ಎಂಬುದಷ್ಟೇ ಪ್ರಶ್ನೆ. ಸಮುದ್ರ ಸೇತುವೆಯ ಮೇಲೆ ಭಾನುವಾರದ ಬೆಳಗ್ಗೆ ಅತ್ತಿಂದಿತ್ತ ಸುತ್ತುವ ಕಾರಿಗೆ ವೇಗವಿದೆ, ಚೆಲುವಿದೆ. ಎಲ್ಲಿಗೆ ಎಂಬುದು ಮಾತ್ರ ಇಲ್ಲ.

ನಚಿಕೇತನು ಅನುಭವಿಸದೆಯೇ ಒಲ್ಲೆನೆಂದನು. ಅಂತಹ ಧೀರತೆ ಕೋಟಿಗೊಬ್ಬನಿಗೆ. ಉಳಿದವರು ಕೊಂಡು ನೋಡಿಯೇ ಕಲಿಯಬೇಕಾಗುತ್ತದೆ, ಅದರಲ್ಲಿ ನಾಚಿಕೆಪಡತಕ್ಕದ್ದಿಲ್ಲ. ಮುಂಡಕೋಪನಿಷತ್ತು ಇಂತಹವರಿಗೂ ಬಾಗಿಲು ತೆರೆದಿದೆ. ಕರ್ಮದಿಂದ ಗಳಿಸಿದ ಲೋಕಗಳನ್ನು ಪರೀಕ್ಷಿಸಿ ನೋಡಿದವನಿಗೆ ವೈರಾಗ್ಯ ಬರಬೇಕೆಂದು ಅದು ಹೇಳುತ್ತದೆ. ಇಲ್ಲಿ 'ಪರೀಕ್ಷೆ' ಎಂಬ ಶಬ್ದ ಮುಖ್ಯ. ಅಕ್ಕಸಾಲಿಗನು ಒರೆಗಲ್ಲಿಗೆ ಉಜ್ಜಿ ನೋಡುವಂತೆ, ಗಳಿಸಿದುದನ್ನು ಉಜ್ಜಿ ನೋಡಬೇಕು. ಸಪ್ಪೆಯೆನಿಸಿದ ಘಳಿಗೆಯೇ ಒರೆಗಲ್ಲು ಮಾತನಾಡಿದ ಘಳಿಗೆ. ಅದನ್ನು ಅವಮಾನವೆಂದು ಮುಚ್ಚಿಟ್ಟುಕೊಂಡು, ಮುಂದಿನ ವರ್ಷ ಇನ್ನೂ ಹೊಸ ಮಾದರಿಗೆ ಮುಂಗಡ ಕೊಟ್ಟರೆ, ನಲವತ್ತು ವರ್ಷದ ಶುಲ್ಕ ತೆತ್ತು ಕಲಿತ ಪಾಠ ವ್ಯರ್ಥವಾಗುತ್ತದೆ.

ಹಾಗೆಂದು ನಾಳೆಯೇ ಕಾರನ್ನು ಮಾರಿ ಕಾವಿಯ ಮಾತನಾಡುವುದೂ ಸಲ್ಲದು. ಹಿರಿಯರು ಶ್ಮಶಾನವೈರಾಗ್ಯ, ಪ್ರಸೂತಿವೈರಾಗ್ಯ ಎಂದು ಎರಡನ್ನು ಹೇಳಿ ನಗುತ್ತಾರೆ. ಸುಡುಗಾಡಿನಿಂದ ಮನೆಗೆ ಬಂದು ಕಾಲು ತೊಳೆಯುವಷ್ಟರಲ್ಲಿ ಮೊದಲನೆಯದು ಮುಗಿಯುತ್ತದೆ. ಹೆರಿಗೆಯ ನೋವು ಮರೆಯುವಷ್ಟರಲ್ಲಿ ಎರಡನೆಯದು. ಕೊಂಡ ವಸ್ತುವಿನ ಮೇಲಿನ ಮುನಿಸನ್ನು ಇವುಗಳ ಸಾಲಿಗೆ ಮೂರನೆಯದಾಗಿ ಸೇರಿಸಬಹುದು. ಕಾರನ್ನು ಇಟ್ಟುಕೊಳ್ಳುವುದೂ ಮಾರುವುದೂ ಲೌಕಿಕದ ಲೆಕ್ಕ. ಅದನ್ನು ಸಂಸಾರದ ಅನುಕೂಲ ನೋಡಿ ತೀರ್ಮಾನಿಸಬೇಕು. ತಾಯಿಗೆ ಹತ್ತಿ ಇಳಿಯಲು ಬರುವ ಒಂದು ಗಾಡಿ ಮನೆಯಲ್ಲಿರಬೇಕೆಂಬುದು ಈ ಲೆಕ್ಕದಲ್ಲಿ ಮೊದಲಿಗೆ ಬರತಕ್ಕ ಮಾತು. ಕಾರನ್ನು ಇಟ್ಟುಕೊಂಡರೂ ಅದರ ಹೆಗಲ ಮೇಲಿಂದ ಒಂದು ಭಾರವನ್ನು ಇಳಿಸಬೇಕು. ಆನಂದ ಕೊಡುವ ಕೆಲಸಕ್ಕೆ ಅದನ್ನು ನೇಮಿಸಿದ್ದೇ ತಪ್ಪಾಯಿತು. ಆ ಕೆಲಸದಿಂದ ಬಿಡುಗಡೆ ಮಾಡಿದರೆ ಅದು ಚೆಲುವಾದ ಒಂದು ಯಂತ್ರವಾಗಿ ಉಳಿಯುತ್ತದೆ; ನೋಡಿ ಮೆಚ್ಚುವುದಕ್ಕೆ ಅಡ್ಡಿಯಿಲ್ಲ.

ನಮ್ಮ ಪುರಾಣಗಳಲ್ಲಿ ವಾಹನಗಳಿಗೆ ಕೊರತೆಯಿಲ್ಲ, ಆದರೆ ಅವುಗಳ ಕಥೆ ಹೆಚ್ಚಾಗಿ ಕಾರ್ಯದ ಕಥೆ. ಪುಷ್ಪಕವನ್ನೇ ನೋಡಬಹುದು. ಕುಬೇರನಿಂದ ಅದನ್ನು ಕಿತ್ತುಕೊಂಡ ರಾವಣನಿಗೆ ಅದು ಮೆರವಣಿಗೆಯ ವಸ್ತು. ಶ್ರೀರಾಮನು ಅದನ್ನು ಏರಿದುದು, ಹದಿನಾಲ್ಕು ವರ್ಷದ ಗಡುವು ಮೀರಿದರೆ ಭರತನು ಅಗ್ನಿಪ್ರವೇಶ ಮಾಡುವನೆಂಬ ಆತಂಕದಿಂದ. ದಾರಿಯಲ್ಲಿ ಸೀತೆಯ ಇಚ್ಛೆಯಂತೆ ಕಿಷ್ಕಿಂಧೆಯಲ್ಲಿ ಇಳಿಸಿ ವಾನರಸ್ತ್ರೀಯರನ್ನೂ ಕೂರಿಸಿಕೊಂಡದ್ದುಂಟು. ಅದು ಇಬ್ಬರ ವಾಹನವಾಗಿರಲಿಲ್ಲವಷ್ಟೆ. ನಂದಿಗ್ರಾಮದಲ್ಲಿ ಇಳಿದೊಡನೆ ರಾಮನು ಅದನ್ನು ಯಜಮಾನನಾದ ಕುಬೇರನ ಬಳಿಗೆ ಹಿಂದಕ್ಕೆ ಕಳುಹಿಸಿದನು.

ಇದಕ್ಕಿಂತಲೂ ಮನಸ್ಸಿಗೆ ನಾಟುವ ಪ್ರಸಂಗ ಮಹಾಭಾರತದ ಶಲ್ಯಪರ್ವದಲ್ಲಿದೆ. ಖಾಂಡವದಹನದ ಕಾಲದಲ್ಲಿ ಅಗ್ನಿಯು ಅರ್ಜುನನಿಗೆ ಕೊಡಿಸಿದ ರಥ ಅದು. ಬಿಳಿಯ ಕುದುರೆಗಳು, ಧ್ವಜದಲ್ಲಿ ಕಪಿ. ಹದಿನೆಂಟು ದಿನದ ಯುದ್ಧವೆಲ್ಲ ಅದರ ಮೇಲೆಯೇ ನಡೆಯಿತು. ದುರ್ಯೋಧನನು ತೊಡೆಮುರಿದು ಬಿದ್ದ ಸಂಜೆ ಪಾಂಡವರು ಕೌರವರ ಬರಿದಾದ ಪಾಳೆ ಯವನ್ನು ಹೊಕ್ಕರು. ಯುದ್ಧದ ಪದ್ಧತಿಯಂತೆ ಸಾರಥಿ ಮೊದಲು ಇಳಿದು ರಥಿಕನನ್ನು ಇಳಿಸಬೇಕು. ಅಂದು ಕೃಷ್ಣನು ಅರ್ಜುನನಿಗೆ ಗಾಂಡೀವವನ್ನೂ ಬತ್ತಳಿಕೆಗಳನ್ನೂ ತೆಗೆದುಕೊಂಡು ತಾನೇ ಮೊದಲು ಇಳಿಯುವಂತೆ ಹೇಳಿದನು. ಅರ್ಜುನನು ಏಕೆಂದು ಕೇಳದೆ ಇಳಿದನು. ಆಮೇಲೆ ಕೃಷ್ಣನು ಕಡಿವಾಣವನ್ನು ಕೆಳಗಿಟ್ಟು ಇಳಿದನು. ಇಳಿದೊಡನೆ ಧ್ವಜದ ಕಪಿ ಮಾಯವಾಯಿತು. ನೋಡನೋಡುತ್ತಿದ್ದಂತೆ ರಥವು ನೊಗ, ಕಡಿವಾಣ, ಕುದುರೆಗಳ ಸಹಿತ ಉರಿದು ಬೂದಿಯಾಯಿತು. ಬೆರಗಾದ ಅರ್ಜುನನು ಕೈಮುಗಿದು ಕಾರಣ ಕೇಳಿದಾಗ ಕೃಷ್ಣನು ತಿಳಿಸಿದುದಿಷ್ಟು: ದ್ರೋಣ ಕರ್ಣರ ಅಸ್ತ್ರಗಳಿಂದ ರಥವು ಎಂದೋ ಸುಟ್ಟುಹೋಗಿತ್ತು, ತಾನು ಕುಳಿತಿದ್ದುದರಿಂದ ನಿಂತಿತ್ತು, ಈಗ ಕಾರ್ಯ ಮುಗಿಯಿತು, ತಾನು ಬಿಟ್ಟೆನು.

ಅರ್ಜುನನು ಬೂದಿಯನ್ನು ಕುರಿತು ವಿಲಾಪಿಸಿದನೆಂದು ಭಾರತದಲ್ಲಿ ಎಲ್ಲಿಯೂ ಇಲ್ಲ. ಆ ರಾತ್ರಿ ಪಾಳೆಯದೊಳಗೆ ತಂಗುವುದು ಬೇಡವೆಂದು ಕೃಷ್ಣನು ಹೇಳಿದನು. ಐವರು ಪಾಂಡವರೂ ಸಾತ್ಯಕಿಯೂ ಅವನೊಡನೆ ಹೊರಟು ಓಘವತೀ ನದಿಯ ದಡದಲ್ಲಿ ಆ ರಾತ್ರಿಯನ್ನು ಕಳೆದರು.